ಜ್ವರ ನೆತ್ತಿಗೇರಿದಾಗ

2025ರ ಜೂನ್ ಕೊನೆ ಮತ್ತು ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಜನ ಎದೆ ಮುಟ್ಟಿ ನೋಡಿಕೊಂಡು ಮಲಗುವಂತಾಗಿತ್ತು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಒಂದರ ಹಿಂದೊಂದು ಬಂತು. ಅವರಲ್ಲಿ ಹಲವರು ಇನ್ನೂ ಬಾಳಿ ಬದುಕಬೇಕಾದ ವಯಸ್ಸಿನವರು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಇದು ಕೋವಿಡ್ ಉಳಿಸಿಹೋದ ಕಾಯಿಲೆಯೋ, ಲಸಿಕೆಯ ಫಲವೋ ಎಂಬ ಮಾತು ಅರಳಿಕಟ್ಟೆಯಿಂದ ವಿಧಾನಸೌಧದವರೆಗೆ ಓಡಾಡಿತು. ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ಪರಿಶೀಲಿಸಿ, ಲಸಿಕೆಗೂ ಈ ಸಾವುಗಳಿಗೂ ನಂಟು ಕಾಣುತ್ತಿಲ್ಲ ಎಂದಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ-ಸಿಗರೇಟುಗಳಂಥ ಹಳೆಯ ಕಾರಣಗಳತ್ತಲೇ ಬೊಟ್ಟು ಮಾಡಿತು. ಜನರ ಭಯ ಮಾತ್ರ ಅಷ್ಟು ಬೇಗ ಇಳಿಯಲಿಲ್ಲ.

ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ತಿಂಗಳುಗಳಲ್ಲಿ ನಮ್ಮ ಗಮನವೆಲ್ಲ ಎದೆಯ ಮೇಲೇ ನೆಟ್ಟಿತು. ಶ್ವಾಸನಾಳಕ್ಕೆ ತಗುಲುವ ವೈರಸ್ ಸೋಂಕುಗಳು ಮಿದುಳಿಗೂ ನರಗಳಿಗೂ ಏಟು ಕೊಡಬಲ್ಲವು ಎಂಬ ಮಾತು ಎಲ್ಲೂ ಕೇಳಿಬರಲಿಲ್ಲ. ಎದೆ ನೋವು ಬಂದರೆ ಓಡಬೇಕೆಂಬ ತಿಳಿವಳಿಕೆ ಇಂದು ಹಳ್ಳಿ ಹಳ್ಳಿಗೂ ತಲುಪಿದೆ. ನೆಗಡಿ ಜ್ವರದ ಮೂರನೇ ದಿನ ಮಗು ಮಂಪರಿನಲ್ಲೇ ಬಿದ್ದಿದ್ದರೆ ಓಡಬೇಕೆಂಬ ತಿಳಿವಳಿಕೆ ಇನ್ನೂ ತಲುಪಿಲ್ಲ.

ಇನ್‌ಫ್ಲುಯೆಂಜಾ ನಮ್ಮ ಜಿಲ್ಲೆಗೆ ಹೊಸದಲ್ಲ. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಎಂಬ ಫ್ಲೂ ವೈರಸ್ಸಿನಿಂದ ರಾಜ್ಯದಲ್ಲಿ ಮೊದಲ ಸಾವು ಆಗಿದೆ ಎಂದು ಸರ್ಕಾರ ಹೇಳಿದಾಗ ಆ ಸಾವು ಹಾಸನ ಜಿಲ್ಲೆಯದ್ದೇ ಆಗಿತ್ತು. ತೀರಿಕೊಂಡವರು ಎಂಬತ್ತು ದಾಟಿದ ಹಿರಿಯರು, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇದ್ದವರು. ನಾಲ್ಕು ದಿನ ಮಾಸ್ಕ್‌ಗಳು ಹೊರಬಂದವು, ಆಮೇಲೆ ಎಲ್ಲರೂ ಮರೆತೆವು. ವೈರಸ್ ಮರೆತಿಲ್ಲ. ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಮತ್ತೊಮ್ಮೆ.

ಜ್ವರ ತಲೆಗೇರಿದಾಗ ನಮ್ಮಲ್ಲಿ ಏನಾಗುತ್ತದೆ ಎಂಬುದಕ್ಕೆ ಹಾಸನ–ಬೇಲೂರು ರಸ್ತೆಯಿಂದ ಒಂದಿಷ್ಟು ಒಳಗಿರುವ ದೊಡ್ಡಗದ್ದವಳ್ಳಿಯನ್ನೇ ತೆಗೆದುಕೊಳ್ಳಿ. ಹನ್ನೆರಡನೇ ಶತಮಾನದ ಆರಂಭದಲ್ಲಿ, ವಿಷ್ಣುವರ್ಧನನ ಕಾಲದಲ್ಲಿ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ಕಟ್ಟಿಸಿದ ಲಕ್ಷ್ಮೀದೇವಿ ಗುಡಿ ಇರುವ ಊರು. ನಾಲ್ಕು ಗರ್ಭಗುಡಿಗಳ ಆ ಗುಡಿಯಲ್ಲಿ ಕಾಳಿಯ ಬಾಗಿಲ ಎರಡೂ ಪಕ್ಕ ಎಲುಬುಗೂಡಿನ ಬೇತಾಳಗಳು ನಿಂತಿವೆ. ಜ್ವರದಲ್ಲಿ ಒಬ್ಬರು ಬಡಬಡಿಸತೊಡಗಿದರೆ, ಕಣ್ಣು ಮೇಲೆ ಮಾಡಿ ಕೈಕಾಲು ಸೆಳೆದುಕೊಂಡರೆ, ಗಾಳಿ ಸೋಕಿತು ಎಂದೋ ಬಾಲಗ್ರಹ ಎಂದೋ ದಯ್ಯ ಮೆಟ್ಟಿತು ಎಂದೋ ನಮ್ಮ ಹಿರಿಯರು ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮನೆಯವರ ಮುಖವನ್ನೇ ಗುರುತಿಸದ ಮನುಷ್ಯನನ್ನು ಕಂಡರೆ ಯಾರಿಗಾದರೂ ಹಾಗೆ ಅನ್ನಿಸೀತು. ದೇವಿಗೆ ಹರಕೆ ಹೊರುವುದು ಬೇಡವೆಂದು ನಾನು ಹೇಳುವುದಿಲ್ಲ. ಹರಕೆ ಹೊತ್ತ ಕೈಯೇ 108ಕ್ಕೂ ಫೋನ್ ಮಾಡಲಿ. ಈ ಊರಿಂದ ಹಾಸನದ ಜಿಲ್ಲಾ ಆಸ್ಪತ್ರೆ ಇಪ್ಪತ್ತು ಕಿಲೋಮೀಟರಿನೊಳಗೇ ಇದೆ, ಅರ್ಧ ಗಂಟೆಯ ದಾರಿ. ರೋಗಿಗಳು ತಡವಾಗಿ ಬರುವುದಕ್ಕೆ ಬಹುಪಾಲು ಕಾರಣ ದೂರವಲ್ಲ. “ಜ್ವರಕ್ಕೆ ಹಂಗಾಗಿದೆ, ಮಲಗಿದರೆ ಸರಿಹೋಗುತ್ತೆ” ಎಂದು ಕಳೆದುಹೋಗುವ ರಾತ್ರಿ.

ಮೂಗು ಗಂಟಲಿಗೆ ಬಂದ ವೈರಸ್ಸಿಗೂ ತಲೆಬುರುಡೆಯೊಳಗಿನ ಮಿದುಳಿಗೂ ಏನು ಸಂಬಂಧ? ವೈರಸ್ಸೇ ಮೇಲಕ್ಕೆ ಹತ್ತಿ ಮಿದುಳನ್ನು ತಿನ್ನುತ್ತದೆ ಎಂದು ಬಹಳ ಮಂದಿ ಭಾವಿಸುತ್ತಾರೆ. ಫ್ಲೂ, ಕೋವಿಡ್‌ಗಳಲ್ಲಿ ಹಾಗಾಗುವುದು ಅಪರೂಪ. ಮಿದುಳಿಗೆ ಪೆಟ್ಟು ಬಿದ್ದ ಫ್ಲೂ ರೋಗಿಗಳ ಬೆನ್ನುಹುರಿಯ ನೀರನ್ನು ಪರೀಕ್ಷಿಸಿದರೆ ಬಹುತೇಕ ಸಲ ಅಲ್ಲಿ ವೈರಸ್ ಸಿಗುವುದೇ ಇಲ್ಲ. ಹಾನಿ ಮಾಡುವುದು ಹೆಚ್ಚಾಗಿ ನಮ್ಮದೇ ದೇಹದ ಪ್ರತಿರೋಧ. ಸೋಂಕಿನ ವಿರುದ್ಧ ರಕ್ತಕ್ಕೆ ಬಿಡುಗಡೆಯಾಗುವ ಸೈಟೋಕೈನ್ ಎಂಬ ರಾಸಾಯನಿಕಗಳು ಮಿತಿ ಮೀರಿದರೆ ಮಿದುಳಿನ ರಕ್ತನಾಳಗಳ ಬಿಗಿ ಗೋಡೆ ಸಡಿಲವಾಗುತ್ತದೆ, ನೀರು ಒಳಗೆ ಸೋರುತ್ತದೆ, ಮಿದುಳು ಊದಿಕೊಳ್ಳುತ್ತದೆ. ಇಲಿಯ ಕಾಟಕ್ಕೆ ಮನೆಗೇ ಬೆಂಕಿಯಿಟ್ಟ ಹಾಗೆ. ಅದಲ್ಲದೆ ಉರಿಯೂತದಿಂದ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ, ಶ್ವಾಸಕೋಶ ಸೋತರೆ ಮಿದುಳಿಗೆ ಆಮ್ಲಜನಕ ಸಾಲದಾಗುತ್ತದೆ, ಊಟ ನೀರು ಬಿಟ್ಟ ಮುದುಕರಲ್ಲಿ ಸೋಡಿಯಂ ಕುಸಿಯುತ್ತದೆ. ಇನ್ನೊಂದು ದಾರಿ ತಡವಾಗಿ ತೆರೆದುಕೊಳ್ಳುವಂಥದ್ದು. ವೈರಸ್ಸಿನ ವಿರುದ್ಧ ತಯಾರಾದ ಪ್ರತಿಕಾಯಗಳು ಸೋಂಕು ಇಳಿದ ಮೇಲೆ, ವಾರಗಳ ನಂತರ, ನಮ್ಮದೇ ನರದ ಹೊದಿಕೆಯನ್ನು ಶತ್ರುವೆಂದು ತಿಳಿದು ದಾಳಿ ಮಾಡುತ್ತವೆ.

ಮೊದಲು ಮಕ್ಕಳ ವಿಷಯ. ಇಲ್ಲಿ ತಾಯಂದಿರ ಒಂದು ದೊಡ್ಡ ಭಯವನ್ನು ಕಡಿಮೆ ಮಾಡಬೇಕು, ಇನ್ನೊಂದು ಎಚ್ಚರವನ್ನು ಹೆಚ್ಚಿಸಬೇಕು.

ಭಯ ಬೇಡವಾದದ್ದು ಸಾಮಾನ್ಯ ಜ್ವರದ ಫಿಟ್ಸ್‌ಗೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಜ್ವರ ಏರಿದಾಗ ಒಮ್ಮೆಯಾದರೂ ಫಿಟ್ಸ್ ಬರುತ್ತದೆ. ನೋಡುವವರ ಜೀವ ಬಾಯಿಗೆ ಬರುತ್ತದೆ, ಆದರೆ ಒಂದೆರಡು ನಿಮಿಷದಲ್ಲಿ ನಿಂತು ಮಗು ಸ್ವಲ್ಪ ಹೊತ್ತಿಗೆ ಅವ್ವನನ್ನು ಗುರುತಿಸಿದರೆ ಮಿದುಳಿಗೆ ಹಾನಿಯಾಗಿರುವುದಿಲ್ಲ. ಅದು ಮುಂದೆ ಮೂರ್ಛೆರೋಗವಾಗುವುದೂ ವಿರಳ. ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಬಟ್ಟೆ ಸಡಿಲಿಸಿ, ಗಡಿಯಾರ ನೋಡಿ. ಹಲ್ಲಿನ ನಡುವೆ ಚಮಚ ತುರುಕುವುದು, ಕೈಗೆ ಕಬ್ಬಿಣದ ಬೀಗದಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಬಾಯಿಗೆ ನೀರು ಹಾಕುವುದು ಯಾವುದೂ ಬೇಡ. ಹಾಕಿದ ನೀರು ಶ್ವಾಸಕೋಶಕ್ಕೆ ಇಳಿದರೆ ಅದೇ ಪ್ರಾಣಕ್ಕೆ ಮುಳುವಾಗುತ್ತದೆ. ಮೊದಲ ಸಲ ಬಂದ ಫಿಟ್ಸ್ ಆದರೆ, ನಿಂತ ಮೇಲೂ ಅದೇ ದಿನ ವೈದ್ಯರಿಗೆ ತೋರಿಸಿ.

ಎಚ್ಚರ ಬೇಕಾದದ್ದು ಬೇರೆ ಚಿತ್ರಕ್ಕೆ. ಫಿಟ್ಸ್ ಐದು ನಿಮಿಷ ದಾಟುತ್ತದೆ, ಅಥವಾ ಒಂದೇ ದಿನದಲ್ಲಿ ಮತ್ತೆ ಬರುತ್ತದೆ, ಅಥವಾ ನಿಂತ ಮೇಲೂ ಮಗು ಎಚ್ಚರಗೊಳ್ಳುವುದಿಲ್ಲ. ಫಿಟ್ಸ್ ಬಾರದೆಯೂ ಇದು ಶುರುವಾಗಬಹುದು. ಮಗು ಎಬ್ಬಿಸಿದರೆ ಕಣ್ಣು ಬಿಟ್ಟು ಮತ್ತೆ ಮಂಪರಿಗೆ ಜಾರುತ್ತದೆ, ಇಲ್ಲದ್ದನ್ನು ಕಂಡಂತೆ ಮಾತಾಡುತ್ತದೆ, ವಾಂತಿ ನಿಲ್ಲುವುದಿಲ್ಲ, ನಡೆಯುತ್ತಿದ್ದದ್ದು ತೂರಾಡುತ್ತದೆ. ಫ್ಲೂ ಬಂದ ಒಂದರಿಂದ ನಾಲ್ಕು ದಿನದೊಳಗೆ ಹೀಗಾದರೆ ಅದು ಇನ್‌ಫ್ಲುಯೆಂಜಾ ಎನ್‌ಸೆಫಲೋಪತಿ, ಅಂದರೆ ಫ್ಲೂನಿಂದ ಮಿದುಳಿಗೆ ಬಿದ್ದ ಪೆಟ್ಟು, ಇರಬಹುದು. ಅದರಲ್ಲೇ ಅತ್ಯಂತ ಭೀಕರವಾದ ರೂಪವನ್ನು 1995ರಲ್ಲಿ ಜಪಾನಿನ ವೈದ್ಯ ಮಿಜುಗುಚಿ ಮತ್ತು ಸಂಗಡಿಗರು ವಿವರಿಸಿದರು. ಅದರಲ್ಲಿ ಮಿದುಳಿನ ನಡುವಿನ ಥಲಾಮಸ್ ಎಂಬ ಭಾಗ ಎರಡೂ ಬದಿ ಬಹಳ ಬೇಗ ಸತ್ತುಹೋಗುತ್ತದೆ. ಬದುಕುಳಿದ ಮಕ್ಕಳಲ್ಲೂ ಹಲವರಿಗೆ ಅಂಗವೈಕಲ್ಯ ಉಳಿಯುತ್ತದೆ. ಇದು ಬಹಳ ಅಪರೂಪ. ಆದರೂ 2024–25ರ ಫ್ಲೂ ಋತುವಿನಲ್ಲಿ ಅಮೆರಿಕದ ವೈದ್ಯರು ಇಂಥ ಮಿದುಳಿನ ತೊಂದರೆಯ ನೂರಕ್ಕೂ ಹೆಚ್ಚು ಮಕ್ಕಳನ್ನು ಗುರುತಿಸಿದರು. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮೊದಲು ಯಾವ ಕಾಯಿಲೆಯೂ ಇರಲಿಲ್ಲ. ಹೆಚ್ಚಿನವರು ಆ ವರ್ಷದ ಫ್ಲೂ ಲಸಿಕೆ ಹಾಕಿಸಿಕೊಂಡಿರಲಿಲ್ಲ.

ಜ್ವರದ ಔಷಧಿಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಲೇಬೇಕು. 1963ರಲ್ಲಿ ಆಸ್ಟ್ರೇಲಿಯಾದ ಡಗ್ಲಸ್ ರೈ ಎಂಬ ವೈದ್ಯರು ಫ್ಲೂ, ಸೀತಾಳೆ ಸಿಡುಬುಗಳ ನಂತರ ಮಕ್ಕಳ ಮಿದುಳು ಊದಿ, ಯಕೃತ್ತು ಕೆಡುವ ಕಾಯಿಲೆಯೊಂದನ್ನು ದಾಖಲಿಸಿದರು. ಆ ಮಕ್ಕಳಲ್ಲಿ ಬಹಳ ಮಂದಿಗೆ ಜ್ವರಕ್ಕೆ ಆಸ್ಪಿರಿನ್ ಕೊಟ್ಟಿದ್ದರು ಎಂಬುದು ಎಂಬತ್ತರ ದಶಕದ ಹೊತ್ತಿಗೆ ಸ್ಪಷ್ಟವಾಯಿತು. ಎಚ್ಚರಿಕೆ ಹರಡಿ ಮಕ್ಕಳಿಗೆ ಆಸ್ಪಿರಿನ್ ಕೊಡುವುದು ನಿಂತ ಮೇಲೆ ಅಮೆರಿಕದಲ್ಲಿ ಆ ಕಾಯಿಲೆ ಕಣ್ಮರೆಯಾದಷ್ಟು ಕಡಿಮೆಯಾಯಿತು. ಜಪಾನಿನಲ್ಲಿ ಫ್ಲೂ ಎನ್‌ಸೆಫಲೋಪತಿಯ ಮಕ್ಕಳನ್ನು ಪರಿಶೀಲಿಸಿದಾಗ ಡೈಕ್ಲೋಫೆನಾಕ್, ಮೆಫೆನಾಮಿಕ್ ಆಮ್ಲಗಳನ್ನು ಪಡೆದವರಲ್ಲಿ ಸಾವು ಹೆಚ್ಚೆಂದು ಕಂಡು, 2000ದ ಆಸುಪಾಸಿನಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಮಕ್ಕಳ ಫ್ಲೂ ಜ್ವರಕ್ಕೆ ಅವನ್ನು ಬಿಡುವಂತೆ ಹೇಳಿತು. ನಮ್ಮಲ್ಲಿ ಮೆಫೆನಾಮಿಕ್ ಆಮ್ಲದ ಸಿರಪ್ ಇವತ್ತಿಗೂ ಮೆಡಿಕಲ್ ಸ್ಟೋರಿನಲ್ಲಿ “ಜ್ವರ ಬೇಗ ಇಳಿಯೋದು ಕೊಡಿ” ಎಂದರೆ ಸಿಗುತ್ತದೆ. ಹನ್ನೆರಡು ವರ್ಷದೊಳಗಿನವರಿಗೆ ನಿಮೆಸುಲೈಡ್ ಕೊಡುವುದನ್ನು ನಮ್ಮ ದೇಶವೇ 2011ರಲ್ಲಿ ನಿಷೇಧಿಸಿದೆ. ಮಕ್ಕಳ ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಕು. ಒಂದು ಕಿಲೋ ತೂಕಕ್ಕೆ ಹತ್ತರಿಂದ ಹದಿನೈದು ಮಿಲಿಗ್ರಾಂ, ಎರಡು ಡೋಸ್‌ಗಳ ನಡುವೆ ಆರು ಗಂಟೆ. ಜ್ವರ ಬೇಗ ಇಳಿಯಬೇಕೆಂಬ ಆತುರದಲ್ಲಿ ನಾವು ಮಕ್ಕಳ ಹೊಟ್ಟೆಗೆ ಏನನ್ನು ಹಾಕುತ್ತಿದ್ದೇವೆ ಎಂದು ನೋಡಲೇಬೇಕಾದ ಕಾಲ ಇದು.

ಮುದುಕರ ಕಥೆ ಬೇರೆ. ಅವರಿಗೆ ಫ್ಲೂ ಬಂದರೆ ಎಷ್ಟೋ ಸಲ ಜ್ವರವೇ ಕಾಣುವುದಿಲ್ಲ. ನಿನ್ನೆಯವರೆಗೆ ಹಸುವಿಗೆ ಹುಲ್ಲು ಹಾಕುತ್ತಿದ್ದ ತಾತ ಇವತ್ತು ಕೊಟ್ಟಿಗೆ ಯಾವ ಕಡೆ ಎಂದು ಕೇಳುತ್ತಾನೆ, ಸಂಜೆಯಾದರೆ ಗಲಾಟೆ ಮಾಡುತ್ತಾನೆ, ತೀರಿಹೋದ ಅಣ್ಣನನ್ನು ಕರೆಯುತ್ತಾನೆ. “ವಯಸ್ಸಾಯ್ತು, ಅರಳು ಮರುಳು” ಎಂದು ಮನೆಯವರು ತೀರ್ಮಾನಿಸುತ್ತಾರೆ. ಅರಳುಮರುಳು ಎರಡು ದಿನದಲ್ಲಿ ಬರುವುದಿಲ್ಲ, ಅದಕ್ಕೆ ತಿಂಗಳು ವರ್ಷಗಳು ಬೇಕು. ಎರಡು ದಿನದಲ್ಲಿ ಬುದ್ಧಿ ಕದಡಿದರೆ ಒಳಗೆ ಸೋಂಕೋ, ಆಮ್ಲಜನಕದ ಕೊರತೆಯೋ, ಉಪ್ಪಿನ ಏರುಪೇರೋ, ಅಂಥದ್ದೇನೋ ಇದೆ ಎಂದೇ ಅರ್ಥ. ಇದನ್ನು ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಬೇಗ ಹಿಡಿದರೆ ಬಹುಪಾಲು ಸರಿಯಾಗುತ್ತದೆ. ಕೋವಿಡ್ ಕಾಲದಲ್ಲಿ ಎಷ್ಟೋ ಹಿರಿಯರ ಮೊದಲ ಲಕ್ಷಣವೇ ಇದಾಗಿತ್ತು.

ಹಾಸನದವರು ಎದೆಗೆ ಹೆದರಿದ್ದ ಆ ದಿನಗಳಲ್ಲಿ ನನಗೆ ನೆನಪಾದದ್ದು 2004ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನ. ಬ್ರಿಟನ್ನಿನ ರೋಗಿಗಳ ದಾಖಲೆಗಳನ್ನು ಜಾಲಾಡಿ ಲಿಯಾಮ್ ಸ್ಮೀತ್ ಮತ್ತು ಸಂಗಡಿಗರು ಕಂಡದ್ದು ಇದು: ಶ್ವಾಸನಾಳದ ಸೋಂಕು ಬಂದ ಮೊದಲ ಮೂರು ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ ಮಾಮೂಲಿಗಿಂತ ಸುಮಾರು ಐದು ಪಟ್ಟು, ಪಾರ್ಶ್ವವಾಯುವಿನ ಸಾಧ್ಯತೆ ಸುಮಾರು ಮೂರು ಪಟ್ಟು ಏರುತ್ತದೆ. ಆಮೇಲೆ ವಾರಗಳು ಕಳೆದಂತೆ ಇಳಿಯುತ್ತದೆ. ಒಬ್ಬೊಬ್ಬರ ಮಟ್ಟಿಗೆ ಇದು ಈಗಲೂ ಸಣ್ಣ ಅಪಾಯವೇ. ಆದರೆ ಬಿ.ಪಿ., ಶುಗರ್ ಎರಡೂ ಇದ್ದು, ಜ್ವರ ಬಂದಾಗ “ಗುಳಿಗೆ ಜಾಸ್ತಿಯಾಯ್ತು” ಎಂದು ದಿನದ ಬಿ.ಪಿ. ಮಾತ್ರೆಯನ್ನೇ ಬಿಟ್ಟುಬಿಡುವ ನಮ್ಮ ಹಿರಿಯರಿಗೆ ಅದು ಸಣ್ಣದಲ್ಲ. ಕೆಮ್ಮಿನ ನಡುವೆ ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಸುಸ್ತು ಎಂದುಕೊಳ್ಳಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ವೈದ್ಯರಿಗೆ ಇರುವುದು ನಾಲ್ಕೂವರೆ ಗಂಟೆ. ಅದಕ್ಕೆ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ಹಾಗಾಗಿ ಊರಿನ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಮಧ್ಯಾಹ್ನ ಕಳೆಯದೆ ನೇರ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು.

ಕೆಮ್ಮು ಜ್ವರ ವಾಸಿಯಾಗಿ ಎರಡು ಮೂರು ವಾರ ಕಳೆದ ಮೇಲೆ ಬರುವ ಕಾಯಿಲೆಯೊಂದಿದೆ, ಗೀಯನ್-ಬಾರೆ ಸಿಂಡ್ರೋಮ್. 2025ರ ಜನವರಿಯಲ್ಲಿ ಪುಣೆಯಲ್ಲಿ ಹಬ್ಬಿದಾಗ ಪತ್ರಿಕೆಗಳಲ್ಲಿ ಈ ಹೆಸರು ಓದಿರುತ್ತೀರಿ. ಅಲ್ಲಿ ಅನುಮಾನ ಬಿದ್ದದ್ದು ಕಲುಷಿತ ನೀರಿನ ಮೇಲೆ. ಫ್ಲೂ, ಕೋವಿಡ್‌ಗಳಂಥ ಶ್ವಾಸದ ಸೋಂಕಿನ ನಂತರವೂ ಬರುತ್ತದೆ. ಎಲ್ಲ ಕಾರಣ ಸೇರಿ ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ. ಪಾದಗಳಲ್ಲಿ ಜುಮುಜುಮು, ಆಮೇಲೆ ಮೆಟ್ಟಿಲು ಹತ್ತಲಾಗದು, ಮರುದಿನ ಕುಂತಲ್ಲಿಂದ ಏಳಲಾಗದು, ಶಕ್ತಿಹೀನತೆ ಕಾಲಿಂದ ಮೇಲಕ್ಕೆ ಏರುತ್ತದೆ. ಉಸಿರಿನ ಸ್ನಾಯುಗಳನ್ನು ಮುಟ್ಟಿದರೆ ವೆಂಟಿಲೇಟರ್ ಬೇಕು, ನಾಲ್ಕೈದು ರೋಗಿಗಳಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಇಮ್ಯುನೋಗ್ಲೋಬ್ಯುಲಿನ್ ಇಂಜೆಕ್ಷನ್ ಅಥವಾ ಪ್ಲಾಸ್ಮಾ ಬದಲಾವಣೆ, ಎರಡರ ಫಲವೂ ಹೆಚ್ಚು ಕಡಿಮೆ ಒಂದೇ. ಮೊದಲನೆಯದರ ಬೆಲೆ ರೈತಾಪಿ ಮನೆಯ ಜಮೀನು ಅಡ ಇಡಿಸುವಷ್ಟು. ಬೆಂಗಳೂರಿನ ನಿಮ್ಹಾನ್ಸ್ ಪ್ಲಾಸ್ಮಾ ಬದಲಾವಣೆಯನ್ನು ಬಡ ರೋಗಿಗಳಿಗೆ ದೀರ್ಘ ಕಾಲದಿಂದ ಮಾಡುತ್ತ ಬಂದಿದೆ. ಹೊಳೆನರಸೀಪುರದಲ್ಲೋ ಅರಕಲಗೂಡಿನಲ್ಲೋ ಕಾಲು ಸೋತವರು ಮೊದಲು ಎಣ್ಣೆ ತಿಕ್ಕಿಸಿಕೊಂಡು, ಆಮೇಲೆ ಮೂಳೆ ಡಾಕ್ಟರಿಗೆ ತೋರಿಸಿ, ಕೊನೆಗೆ ಬೆಂಗಳೂರಿನ ದಾರಿ ಹಿಡಿಯುವ ಹೊತ್ತಿಗೆ ಉಸಿರು ಕಟ್ಟಲು ಶುರುವಾಗಿರುತ್ತದೆ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಮೊಣಕಾಲಿಗೆ ಸುತ್ತಿಗೆ ತಟ್ಟಿ ನೋಡಿದರೆ ಅನುಮಾನ ಬರುತ್ತದೆ, ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕಾಲು ಎಗರುವುದಿಲ್ಲ. ದುಬಾರಿ ಯಂತ್ರ ಬೇಕಿಲ್ಲ, ಸಂಶಯ ಪಡುವ ಮನಸ್ಸು ಬೇಕು.

ವಾಸನೆ ಹೋದವರ ಸಂಕಟವನ್ನು ಕೋವಿಡ್ ಕಾಲದಲ್ಲಿ ನಾವು ಸಾಕಷ್ಟು ಕೇಳಿದೆವು. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಕಾಫಿಯ ಪರಿಮಳ ತಿಳಿಯದೆ ತಿಂಗಳುಗಟ್ಟಲೆ ಬದುಕಿದವರಿದ್ದಾರೆ. ಕೋವಿಡ್ ವೈರಸ್ ಮೂಗಿನ ನರಕೋಶಗಳನ್ನಲ್ಲ, ಅವುಗಳಿಗೆ ಆಸರೆಯಾದ ಕೋಶಗಳನ್ನು ಕೆಡಿಸುತ್ತದೆ. ಆದ್ದರಿಂದಲೇ ಬಹುಪಾಲು ಜನರಿಗೆ ವಾಸನೆ ಮರಳಿತು. ಬರದವರು ಲವಂಗ, ನಿಂಬೆಸಿಪ್ಪೆ, ಗುಲಾಬಿ, ನೀಲಗಿರಿ ಎಣ್ಣೆಗಳನ್ನು ದಿನಕ್ಕೆ ಎರಡು ಸಲ, ಮೂರು ತಿಂಗಳು, ಮನಸ್ಸಿಟ್ಟು ಮೂಸುವ ಅಭ್ಯಾಸ ಮಾಡಿದರೆ ಕೆಲವರಿಗೆ ಗುಣ ಕಂಡಿದೆ. 2022ರಲ್ಲಿ ಬ್ರಿಟನ್ನಿನ 785 ಜನರ ಮಿದುಳಿನ ಸ್ಕ್ಯಾನುಗಳನ್ನು ಹೋಲಿಸಿ ನೋಡಿದ ವಿಜ್ಞಾನಿಗಳು, ಕೋವಿಡ್ ಬಂದವರಲ್ಲಿ ವಾಸನೆಗೆ ಸಂಬಂಧಿಸಿದ ಭಾಗಗಳು ಒಂದಿಷ್ಟು ಹೆಚ್ಚು ಕುಗ್ಗಿದ್ದನ್ನು ಕಂಡರು. ಕೋವಿಡ್ ನಂತರ ತಲೆ ಮಂಕಾಗಿದೆ, ಲೆಕ್ಕ ತಪ್ಪುತ್ತದೆ ಎನ್ನುವವರನ್ನು ಸೋಮಾರಿ ಎಂದು ಕರೆಯುವುದನ್ನು ಇನ್ನಾದರೂ ಬಿಡೋಣ.

ಎಲ್ಲಕ್ಕಿಂತ ನನ್ನನ್ನು ಹಿಂಡುವುದು ದಡಾರ. ಮೈಮೇಲೆ ಗುಳ್ಳೆ ಏಳುವುದರಿಂದ ನಾವು ಅದನ್ನು ಚರ್ಮದ ಕಾಯಿಲೆ ಎಂದುಕೊಂಡಿದ್ದೇವೆ. ಅದು ಕೆಮ್ಮಿನಿಂದ, ಉಸಿರಿನಿಂದ ಹರಡುವ ವೈರಸ್. ಸಾವಿರ ಮಕ್ಕಳಿಗೆ ಬಂದರೆ ಒಂದು ಮಗುವಿಗೆ ಆಗಲೇ ಮಿದುಳಿನ ಉರಿಯೂತವಾಗುತ್ತದೆ. ಕೆಲವರಲ್ಲಿ ವೈರಸ್ ಮಿದುಳಿನಲ್ಲಿ ಅಡಗಿ ಕುಳಿತು ಏಳೆಂಟು ವರ್ಷದ ನಂತರ ಎದ್ದು ಬರುತ್ತದೆ. ಶಾಲೆಯಲ್ಲಿ ಚೆನ್ನಾಗಿ ಓದುತ್ತಿದ್ದ ಹುಡುಗ ಮಗ್ಗಿ ಮರೆಯುತ್ತಾನೆ, ಮಂಕಾಗುತ್ತಾನೆ, ಮೇಷ್ಟರು ಬೈಯುತ್ತಾರೆ, ಮನೆಯಲ್ಲಿ ಏಟು ಬೀಳುತ್ತದೆ. ಆಮೇಲೆ ಕೂತಲ್ಲೇ ಮೈ ಜರ್ಕ್ ಹೊಡೆದು ತಟ್ಟೆ ಕೈಜಾರುತ್ತದೆ, ನಿಂತಲ್ಲೇ ಕುಸಿಯುತ್ತಾನೆ, ಕೆಲವೇ ವರ್ಷಗಳಲ್ಲಿ ಹಾಸಿಗೆ ಹಿಡಿಯುತ್ತಾನೆ. ಎಸ್‌.ಎಸ್‌.ಪಿ.ಇ. ಎಂಬ ಈ ಕಾಯಿಲೆಗೆ ಗುಣಪಡಿಸುವ ಮದ್ದು ಇಲ್ಲ. ಎರಡು ವರ್ಷ ತುಂಬುವ ಮೊದಲು ದಡಾರ ಬಂದ ಮಕ್ಕಳಿಗೆ ಅಪಾಯ ಹೆಚ್ಚು. ಶ್ರೀಮಂತ ದೇಶಗಳ ನರವೈದ್ಯರು ಪುಸ್ತಕದಲ್ಲಷ್ಟೇ ಓದುವ ಈ ಕಾಯಿಲೆಯ ಮಕ್ಕಳನ್ನು ನಿಮ್ಹಾನ್ಸ್ ದಶಕಗಳಿಂದ ವಾರ್ಡಿನಲ್ಲಿ ನೋಡುತ್ತಿದೆ. ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ದೇಶದಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, 2017ರ ಫೆಬ್ರವರಿಯಲ್ಲಿ. ಆಗ ವಾಟ್ಸಾಪಿನ ಸುಳ್ಳು ನಂಬಿ ಮಕ್ಕಳನ್ನು ಶಾಲೆಗೆ ಕಳಿಸದೆ ಉಳಿಸಿಕೊಂಡ ಮನೆಗಳೂ ಇದ್ದವು. ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು ಡೋಸ್, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು. ಅಂಗನವಾಡಿಯಲ್ಲಿ, ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಅಮ್ಮ ಬಂದಿದ್ದಾಳೆಂದು ಬೇವಿನ ಸೊಪ್ಪು ಹಾಸಿ ಮಲಗಿಸಿದ ಮಗುವನ್ನೂ ಆಶಾ ಕಾರ್ಯಕರ್ತೆಗೆ ತೋರಿಸಬೇಕು.

ಫ್ಲೂ ಲಸಿಕೆ ಮಾತ್ರ ಸರ್ಕಾರದ ಉಚಿತ ಪಟ್ಟಿಯಲ್ಲಿಲ್ಲ. ದುಡ್ಡಿದ್ದವರು ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸಿಕೊಳ್ಳುತ್ತಾರೆ. ಅರವತ್ತು ದಾಟಿದವರಿಗೆ, ಸಕ್ಕರೆ ಕಾಯಿಲೆ, ಹೃದ್ರೋಗ, ಉಬ್ಬಸ ಇರುವವರಿಗೆ, ಗರ್ಭಿಣಿಯರಿಗೆ ಪ್ರತಿ ವರ್ಷ ಮುಂಗಾರಿಗೆ ಮೊದಲು ಇದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗಬೇಕು. ಹೃದಯಾಘಾತದ ಸುದ್ದಿಗೆ ಸಮಿತಿ ರಚಿಸಿದ ಸರ್ಕಾರ, ಹೃದಯವನ್ನೂ ಮಿದುಳನ್ನೂ ಒಟ್ಟಿಗೆ ಕಾಯಬಲ್ಲ ಒಂದು ಲಸಿಕೆಗೆ ಹಣ ತೆಗೆದಿಡುವುದು ದುಬಾರಿಯಲ್ಲ. ಹಾಸನದ ಶಾಸಕರು, ಸಂಸದರು ಇದನ್ನು ಕೇಳಬೇಕು. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಯೋಜನೆ ತಾಲ್ಲೂಕು ಮಟ್ಟದ ವೈದ್ಯರನ್ನೂ ನರ್ಸುಗಳನ್ನೂ ತಲುಪಬೇಕು. ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಿಸಿಕೊಳ್ಳುವವರು ಅವರೇ.

ಅಲ್ಲಿಯವರೆಗೆ ಮನೆಯವರೇ ಕಾವಲು. ನೆಗಡಿ ಕೆಮ್ಮು ಜ್ವರ ಬಂದ ನೂರರಲ್ಲಿ ತೊಂಬತ್ತೊಂಬತ್ತು ಮಂದಿ ಗಂಜಿ, ವಿಶ್ರಾಂತಿ, ಪ್ಯಾರಾಸಿಟಮಾಲ್‌ಗಳಲ್ಲೇ ಗುಣವಾಗುತ್ತಾರೆ. ಅವರಿಗೆ ಸ್ಕ್ಯಾನೂ ಬೇಡ, ಭಯವೂ ಬೇಡ. ಆದರೆ ಎಬ್ಬಿಸಿದರೂ ಪೂರಾ ಎಚ್ಚರವಾಗದ ಮಗು, ಐದು ನಿಮಿಷ ದಾಟಿದ ಫಿಟ್ಸ್, ಎರಡು ದಿನದಲ್ಲಿ ಬುದ್ಧಿ ಕದಡಿದ ಹಿರಿಯರು, ಸೊಟ್ಟಗಾದ ಬಾಯಿ, ಕಾಲಿಂದ ಮೇಲೇರುವ ಶಕ್ತಿಹೀನತೆ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಮೊದಲ ಮಾತಿಗೇ ಹೇಳಿ: ಜ್ವರ ಬಂದು ಎಷ್ಟು ದಿನವಾಯಿತು, ಯಾವ ಮಾತ್ರೆ ಕೊಟ್ಟಿರಿ, ಮಾತು ನಡೆ ಎಷ್ಟು ಗಂಟೆಗೆ ಬದಲಾಯಿತು.